ಸ್ತ್ರೀವೇಷದ ವಿಮರ್ಶೆ: ಷರಾಕುವಿನ ಚಿತ್ರಗಳೂ ನಮ್ಮ ಮೂಡಲಪಾಯವೂ

ಪುರುಷನೊಬ್ಬನು ಸ್ತ್ರೀವೇಷ ಧರಿಸಿ ಅಭಿನಯಿಸಿದಾಗ ‘ಹೆಣ್ಣೆಂದೇ ಭ್ರಮೆಯಾಯಿತು’ ಎನ್ನುವುದು ನಮ್ಮಲ್ಲಿ ರೂಢವಾದ ಪ್ರಶಂಸೆ. ಈ ಅಳತೆಗೋಲು ಯುಕ್ತವೆ ಎಂಬುದನ್ನು ಪರಿಶೀಲಿಸಲು ಜಪಾನಿನ ಮರದಚ್ಚಿನ ಚಿತ್ರಗಳು ನೆರವಾಗುತ್ತವೆಂದು ನಾವು ಭಾವಿಸುತ್ತೇವೆ.

ಜಪಾನಿನಲ್ಲಿ 1629ರಲ್ಲಿ ಸ್ತ್ರೀಯರು ಕಬುಕಿ ರಂಗವನ್ನೇರುವುದು ನಿಷಿದ್ಧವಾಯಿತು; 1652ರಲ್ಲಿ ತರುಣರ ಕಬುಕಿಗೂ ಅದೇ ಗತಿಯೊದಗಿತು. ಮುಂದೆ ನಟರು ಮುಂದಲೆ ಬೋಳಿಸಿಕೊಂಡೇ ರಂಗಕ್ಕೆ ಬರಬೇಕಾಯಿತು. ‘ಒನ್ನಗಾತ’ರೆಂಬ ಸ್ತ್ರೀಪಾತ್ರಧಾರಿಗಳು ಆ ಭಾಗವನ್ನು ನೇರಳೆ ಬಣ್ಣದ ವಸ್ತ್ರದಿಂದ ಮರೆಮಾಡಿದರು. ಕಾಲಕ್ರಮದಲ್ಲಿ ಆ ಮರೆಯೇ ವೇಷದ ಲಕ್ಷಣವಾಗಿ ನಿಂತಿತು.

ಇಂಥ ನಟರನ್ನು ಅನೇಕ ಚಿತ್ರಕಾರರು ಸುಂದರಿಯರಂತೆಯೇ ಬರೆದರು. ಷರಾಕು ಹಾಗೆ ಮಾಡಲಿಲ್ಲ. 1794–95ರಲ್ಲಿ ಸುಮಾರು ಹತ್ತು ತಿಂಗಳುಗಳ ಅವಧಿಯಲ್ಲಿ ಹೊರಬಂದ ಆತನ ಚಿತ್ರಗಳಲ್ಲಿ ಇಬ್ಬರು ಸ್ತ್ರೀಪಾತ್ರಧಾರಿಗಳ ಜೋಡಿಚಿತ್ರವೊಂದಿದೆ: ಯಾದೊರಿಗಿಯ ಪಾತ್ರದಲ್ಲಿ ಸೆಗಾವಾ ತೊಮಿಸಾಬುರೊ, ಆಕೆಯ ಪರಿಚಾರಿಕೆಯಾಗಿ ಇನ್ನೊಬ್ಬ ನಟ. ಒಂದು ಮುಖ ಕೃಶ ಮತ್ತು ನೀಳ; ಇನ್ನೊಂದು ದುಂಡಗೆ, ತುಂಬಿಕೊಂಡಿರುವುದು. ಕೇಶಾಲಂಕಾರ, ಉಡುಗೆ, ಕೈಯ ಭಂಗಿ ಸ್ತ್ರೀಯವು. ಮುಖದ ಕಟ್ಟು ಪುರುಷನದು. ಇದನ್ನು ವಿಡಂಬನೆಯೆಂದು ತಳ್ಳಿಹಾಕುವುದು ಅವಸರದ ತೀರ್ಮಾನ. ನಟನೂ ಪಾತ್ರವೂ ಏಕಕಾಲದಲ್ಲಿ ಕಾಣುವುದರಿಂದಲೇ ಅಭಿನಯವೆಂಬ ಸಾಧನೆ ನಮ್ಮ ಕಣ್ಣಿಗೆ ಬೀಳುತ್ತದೆ.

ಈ ದೃಷ್ಟಿ ನಮಗೆ ಪರಕೀಯವಲ್ಲ. ಪುರುಷನು ಸ್ತ್ರೀಭಾವವನ್ನು ತಾಳುವ ಬಗೆಯನ್ನು ಭರತನ ನಾಟ್ಯಶಾಸ್ತ್ರವು ‘ರೂಪಾನುಸಾರಿಣಿ’ ಎಂದು ಪ್ರತ್ಯೇಕವಾಗಿ ಗುರುತಿಸಿದೆ. ಹೊಸದುರ್ಗವನ್ನೊಳಗೊಂಡ ಚಿತ್ರದುರ್ಗ ಸೀಮೆಯ ಮೂಡಲಪಾಯದಲ್ಲಿ ಗಂಡಸರೇ ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದರು. ಅಲ್ಲಿ ರಂಗಕ್ಕೆ ಬಂದ ಪಾತ್ರವನ್ನು ಸಾರಥಿಯು ‘ನೀವು ಯಾರು?’ ಎಂದು ವಿಚಾರಿಸುತ್ತಾನೆ. ಪಾತ್ರವು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ. ದ್ರೌಪದಿಯಾಗಿ ನಿಂತವನು ತಮ್ಮೂರಿನವನೇ ಎಂಬುದನ್ನು ಪ್ರೇಕ್ಷಕರು ಬಲ್ಲರು. ಬಲ್ಲವರಾಗಿಯೂ ದ್ರೌಪದಿಯ ದುಃಖಕ್ಕೆ ಕರಗುತ್ತಾರೆ. ಭ್ರಮೆಯೊಂದೇ ಗುರಿಯಾಗಿದ್ದರೆ ಈ ಪ್ರಶ್ನೋತ್ತರ ಅನಾವಶ್ಯಕವಾಗುತ್ತಿತ್ತು.

ಇದೇ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ಶಿವಸಂಚಾರದ ನಾಟಕಗಳಲ್ಲಿ ಸ್ತ್ರೀಯರೇ ಅಭಿನಯಿಸುತ್ತಾರೆ. ಇದು ನ್ಯಾಯವಾದುದು, ಸ್ವಾಗತಾರ್ಹವಾದುದು. ಸ್ತ್ರೀಯರನ್ನು ರಂಗದಿಂದ ದೂರವಿಟ್ಟ ಕಾಲವನ್ನು ನಾವು ಹಂಬಲಿಸುವುದಿಲ್ಲ. ಆದರೆ ಹಳೆಯ ಸ್ತ್ರೀವೇಷಧಾರಿಗಳ ಕಲೆಯನ್ನು ‘ಹೆಣ್ಣು ಸಿಗದ ಕಾಲದ ಅನುಕೂಲ’ವೆಂದು ಮರೆತುಬಿಡುವುದು ಸಾಧುವಲ್ಲ. ನಮ್ಮ ಊರುಗಳಿಗೆ ಷರಾಕುವಿನಂಥ ಚಿತ್ರಕಾರನು ಒದಗಲಿಲ್ಲ. ಆದುದರಿಂದ ಉಳಿದಿರುವ ಭಾವಚಿತ್ರಗಳನ್ನೂ ವೇಷಧಾರಿಗಳ ನೆನಪುಗಳನ್ನೂ ಸಂಗ್ರಹಿಸುವಾಗ, ಎಷ್ಟು ಹೆಣ್ಣಾಗಿ ಕಂಡನೆಂದು ಕೇಳುವುದಕ್ಕಿಂತ, ಯಾವ ನಡೆ, ಯಾವ ದನಿ, ಯಾವ ಉಡುಗೆಯಿಂದ ಪಾತ್ರವನ್ನು ಕಟ್ಟಿದನೆಂದು ನಮ್ಮ ವಿದ್ಯಾರ್ಥಿಗಳು ಕೇಳತಕ್ಕದ್ದು.