ವೇಷವೂ ವೇಷಧಾರಿಯೂ: ಹಗಲುವೇಷದ ಛಾಯಾಚಿತ್ರಗಳನ್ನು ನೋಡುವ ಬಗೆ

ತೆಲುಗೂ ಕನ್ನಡವೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವ ನಗರಗೆರೆಯ ಕಡೆಯ ಊರುಗಳಿಗೆ ಹಗಲುವೇಷದವರು ಬಂದರೆಂದರೆ, ರಂಗಸ್ಥಳವಿಲ್ಲದೆ, ಪರದೆಯಿಲ್ಲದೆ, ದೀಪಗಳ ಮಾಯೆಯಿಲ್ಲದೆ, ಹಾರ್ಮೋನಿಯಂ ತಬಲಗಳ ಹಿಮ್ಮೇಳವೊಂದನ್ನೇ ಬೆನ್ನಿಗಿಟ್ಟುಕೊಂಡು, ರಾಮನೂ ರಾವಣನೂ ಹಾಡಹಗಲಿನಲ್ಲಿಯೇ ಮನೆಮನೆಯ ಬಾಗಿಲಿಗೆ ನಡೆದು ಬರುತ್ತಾರೆ. ಬಹುಮಟ್ಟಿಗೆ ಬುಡ್ಗಜಂಗಮ ಮನೆತನಗಳವರಾದ ಈ ಕಲಾವಿದರು ಒಂದೂರಿನಲ್ಲಿ ಕೆಲವು ದಿನ ಬೀಡುಬಿಟ್ಟು, ದಿನಕ್ಕೊಂದು ವೇಷ ಕಟ್ಟಿ, ಕಡೆಯ ದಿನ ದವಸವನ್ನೋ ಹಣವನ್ನೋ ಪಡೆದು ಮುಂದಿನ ಊರಿಗೆ ಹೊರಡುವುದು ರೂಢಿ; ತೆಲುಗು ನಾಡಿನಲ್ಲಿ ಇದಕ್ಕೆ ಪಗಟಿ ವೇಷಾಲು ಎಂಬ ಹೆಸರುಂಟು. ಬೆಂಗಳೂರಿನ ತರುಣರು ಕಾಸ್‌ಪ್ಲೇ ಎಂದು ಚಿತ್ರಕಥೆಗಳ ವೀರರ ಉಡುಪು ತೊಟ್ಟು ಉದ್ಯಾನದ ಮರಗಳ ನಡುವೆ ಫೋಟೋ ತೆಗೆಸಿಕೊಳ್ಳುವುದನ್ನು ಹೊಸತೆಂದು ಬೆರಗಾಗುವವರು, ನಮ್ಮ ಬೀದಿಯ ಈ ಹಳೆಯ ವೇಷಗಾರಿಕೆಯ ಚಿತ್ರಗಳನ್ನೂ ಒಮ್ಮೆ ಸಾವಧಾನದಿಂದ ನೋಡಬೇಕೆಂಬುದು ನನ್ನ ಆಶಯ.

ನೋಡುವುದಾದರೂ ಹೇಗೆ? ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕಾಗಿ ವಿಂಗಡಿಸಿರುವನಷ್ಟೆ. ಛಾಯಾಚಿತ್ರಕ್ಕೆ ವಾಚಿಕವು ದಕ್ಕುವುದಿಲ್ಲ. ಆಂಗಿಕವು ಒಂದು ಕ್ಷಣದ ಭಂಗಿಯಾಗಿ ನಿಂತುಹೋಗುತ್ತದೆ. ಆಹಾರ್ಯವಾದರೋ, ಕಿರೀಟ, ಭುಜಕೀರ್ತಿ, ಮುಖವರ್ಣಿಕೆಗಳ ರೂಪದಲ್ಲಿ, ಕ್ಯಾಮೆರಾ ಹಿಡಿದ ಯಾರಿಗಾದರೂ ಧಾರಾಳವಾಗಿ ಒದಗುವ ಸಂಪತ್ತು. ಆದುದರಿಂದ ಕೇವಲ ವೇಷದ ವೈಭವವನ್ನು ತೋರಿಸುವ ಚಿತ್ರಕ್ಕೆ ಹೊಗಳಿಕೆ ಸಲ್ಲಬೇಕಾದುದು ವೇಷ ಕಟ್ಟಿದವನಿಗೇ ಹೊರತು ಚಿತ್ರ ತೆಗೆದವನಿಗಲ್ಲ. ಉಳಿದ ಸಾತ್ತ್ವಿಕವನ್ನು, ಎಂದರೆ ಕಣ್ಣಿನಲ್ಲಿಯೂ ತುಟಿಯಂಚಿನಲ್ಲಿಯೂ ತಾನಾಗಿ ಸುಳಿದುಹೋಗುವ ಚಿತ್ತವೃತ್ತಿಯನ್ನು, ಹಿಡಿದಿರುವನೋ ಇಲ್ಲವೋ ಎಂಬಲ್ಲಿ ಅವನ ಪರೀಕ್ಷೆ. ಅದು ಪಾತ್ರದ ಭಾವವೇ ಆಗಬೇಕೆಂಬ ನಿಯಮವಿಲ್ಲ. ಭೀಮನ ಗದೆಯನ್ನು ಹೆಗಲಿಗೇರಿಸಿದವನ ಕಣ್ಣು ಒಳಮನೆಯಿಂದ ಬರಬೇಕಾದ ಅಕ್ಕಿಯ ಮೊರದತ್ತ ಹೊರಳಿದ ಗಳಿಗೆಯಲ್ಲಿ, ಮೀಸೆಯಲ್ಲಿ ಭೀಮನೂ ಕಣ್ಣಿನಲ್ಲಿ ಸಂಸಾರಿಯೂ ಏಕಕಾಲಕ್ಕೆ ಕಾಣಿಸಿಕೊಂಡರೆ, ಅಂತಹ ಚಿತ್ರದ ಮುಂದೆ ರಸಿಕನು ತುಸು ಹೊತ್ತು ನಿಲ್ಲಬಹುದು.

ಬೆಳಕಿನ ವಿಚಾರ ಇನ್ನೂ ಸೂಕ್ಷ್ಮವಾದುದು. ಇರುಳೆಲ್ಲ ನಡೆಯುವ ಬಯಲಾಟದ ಅರದಾಳ, ಇಂಗಳೀಕ, ಬೇಗಡೆಗಳು ದೀಪದ ಅರೆಬೆಳಕಿಗೆ ಹೊಂದಿಕೊಂಡವು. ಹಗಲುವೇಷದ ಬಣ್ಣಕ್ಕೋ ಸೂರ್ಯನೇ ದೀಪಧಾರಿ. ನಡುಹಗಲಿನ ಬಿಸಿಲು ಹುಬ್ಬಿನ ಕೆಳಗೆ ಕರಿನೆರಳನ್ನು ಸುರಿದು ಕಣ್ಣನ್ನೇ ನುಂಗಿಬಿಡುತ್ತದೆ. ಬಲ್ಲವನು ಮುಂಜಾನೆಯ ಓರೆಬಿಸಿಲಿಗೆ ಕಾಯುತ್ತಾನೆ, ಇಲ್ಲವೆ ವೇಷಧಾರಿಯು ಸುಣ್ಣ ಬಳಿದ ಗೋಡೆಗೆ ಎದುರಾಗಿ ನೆರಳಿನಲ್ಲಿ ನಿಲ್ಲುವ ತನಕ ತಡೆದು, ಗೋಡೆಯಿಂದ ಮರಳಿ ಬರುವ ಮೃದುವಾದ ಬೆಳಕಿನಲ್ಲಿ ಚಿತ್ರ ತೆಗೆಯುತ್ತಾನೆ. ಹೊಂಗೆಯ ಮರದಡಿಯ ಚುಕ್ಕೆಬೆಳಕು ಕಣ್ಣಿಗೆ ಸೊಗಸಾದರೂ ಬಣ್ಣ ಬಳಿದ ಮುಖವನ್ನು ಸಿಡುಬಿನ ಕಲೆಗಳಂತೆ ಕೆಡಿಸುವುದೇ ಹೆಚ್ಚು. ಹಳೆಯ ಕಪ್ಪುಬಿಳುಪು ಪಟಗಳನ್ನು ನೋಡುವಾಗ ಮತ್ತೊಂದು ಎಚ್ಚರಿಕೆಯೂ ಬೇಕು. ಮೊದಮೊದಲ ಫಲಕಗಳಿಗೆ ನೀಲಿಯ ಮೇಲೆ ಅತಿಯಾದ ಒಲವು, ಕೆಂಪಿನ ವಿಷಯದಲ್ಲಿ ಹೆಚ್ಚುಕಡಿಮೆ ಕುರುಡು. ಎಲ್ಲ ವರ್ಣಗಳನ್ನೂ ಗ್ರಹಿಸುವ ಫಲಕಗಳು 1906ರಲ್ಲಿ ಮಾರಾಟಕ್ಕೆ ಬಂದ ಮೇಲೆಯೂ ಕೆಂಪು ಕಾಣದ ಫಿಲ್ಮುಗಳು ಬಹುಕಾಲ ಬಳಕೆಯಲ್ಲಿದ್ದವು. ಆದುದರಿಂದಲೇ ಅಂತಹ ಪಟಗಳಲ್ಲಿ ನೀಲಮೇಘಶ್ಯಾಮನ ಮುಖವು ಬಿಳಿಚಿಕೊಂಡು, ಹಣೆಯ ಕುಂಕುಮವು ಕಾಡಿಗೆಯ ಬೊಟ್ಟಾಗಿ ತೋರುತ್ತದೆ. ಇದನ್ನರಿಯದೆ ಬಣ್ಣಗಾರನ ಕೈಯನ್ನು ಹಳಿಯುವುದು ಅನ್ಯಾಯ.

ಸಹಜತೆಯ ಹೆಸರಿನಲ್ಲಿ ನಡೆಯುವ ಒಂದು ಸುಲಭದ ಚಮತ್ಕಾರವುಂಟು: ಬೀಡಿ ಸೇದುವ ಶಿವ, ಮೊಬೈಲು ಹಿಡಿದ ಹನುಮಂತ, ಬಸ್ಸಿಗೆ ಕಾಯುವ ದ್ರೌಪದಿ. ಮೊದಲ ಸಲ ನಗು ಬರುವುದು ನಿಜ; ಆದರೆ ಆ ನಗೆಯಲ್ಲಿ ವೇಷಧಾರಿಯ ಪಾಲು ಅವಮಾನ, ನೋಡುವವನ ಪಾಲು ಹಮ್ಮು. ಹೊಟ್ಟೆಪಾಡಿಗಾಗಿ ಬಣ್ಣ ಹಚ್ಚಿದವನು ಚಹ ಕುಡಿಯುವುದರಲ್ಲಿ ವಿಚಿತ್ರವೇನಿದೆ? ಅದೇ ಚಹದ ಲೋಟವನ್ನು, ತುಟಿಯ ಬಣ್ಣ ಅಳಿಯದಂತೆ ಎತ್ತಿ ಹುಯ್ದುಕೊಳ್ಳುವ ಅಭ್ಯಾಸಗೈದ ಕೈಯನ್ನು ಕಂಡ ಚಿತ್ರವಾದರೆ ಮಾತು ಬೇರೆ; ಅಲ್ಲಿ ನಗುವಿಗೆ ಬದಲಾಗಿ ಕಸುಬಿನ ಗೌರವವಿದೆ. ಹೊಸಬರು ಮೊದಲು ಕೈಗಳನ್ನು ನೋಡಲಿ, ಬಳಿಕ ಪಾದಗಳನ್ನು: ಕಿರೀಟವು ಎಷ್ಟೇ ಮಿನುಗಲಿ, ಧೂಳು ಹತ್ತಿದ ಕಾಲು ನಡೆದ ದಾರಿಯನ್ನು ಮರೆಮಾಡದು. ಹಿನ್ನೆಲೆಯನ್ನು ಮಸುಕುಮಾಡಿ ಮುಖವೊಂದನ್ನೇ ಎತ್ತಿ ತೋರಿಸುವ ಈಗಿನ ರೂಢಿ ನನಗೆ ಅಷ್ಟಾಗಿ ಒಪ್ಪಿಗೆಯಾಗದು. ಗೋಡೆಗೆ ಒರಗಿದ ನೇಗಿಲು, ಹೆದರಿ ಅಜ್ಜಿಯ ಸೆರಗು ಹಿಡಿದ ಕೂಸು, ದೂರದ ಬಂಡೆಗುಡ್ಡ, ಇವುಗಳನ್ನು ಕಳೆದ ಮೇಲೆ ಹಗಲುವೇಷಕ್ಕೂ ಸ್ಟುಡಿಯೋದ ವೇಷಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಕಣ್ಣನ್ನು ಪಳಗಿಸಿಕೊಳ್ಳಲು ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳಿಗಿಂತ ಒಳ್ಳೆಯ ಪಾಠ ಕನ್ನಡಿಗನಿಗೆ ದೊರೆಯಲಾರದು. ಸಾಮಾನ್ಯ ಜನರ ದಿನಚರಿಯನ್ನು, ಅವರ ಮರ್ಯಾದೆಗೆ ಕುಂದು ಬಾರದಂತೆ, ಅವರು ಮಾಡತಕ್ಕ ಕೆಲಸದ ನಡುವೆಯೇ ಹಿಡಿಯುವುದು ಹೇಗೆಂಬುದನ್ನು ಅವು ತೋರುತ್ತವೆ. ಅರಿವಿಗೆ ಬಾರದಂತೆ ತೆಗೆದುದೆಲ್ಲ ಸಹಜವೆಂಬ ಭ್ರಮೆ ಬೇಡ. ಬೆಳಗ್ಗೆ ಬಣ್ಣ ಕಲಸುವ ಹೊತ್ತಿಗೇ ಹೋಗಿ, ಹಿರಿಯರನ್ನು ಕಂಡು, ‘ಅಣ್ಣಾ, ನಿಮ್ಮೊಡನೆ ಊರು ಸುತ್ತಲೆ?’ ಎಂದು ಕೇಳಿ, ಅವರು ಕ್ಯಾಮೆರಾವನ್ನು ಮರೆಯುವವರೆಗೆ ಜೊತೆಯಲ್ಲಿ ನಡೆದವನ ಚಿತ್ರಕ್ಕೂ, ಮರೆಯಿಂದ ಕದ್ದು ತೆಗೆದವನ ಚಿತ್ರಕ್ಕೂ ಇರುವ ಅಂತರವು ವೇಷಧಾರಿಯ ಕಣ್ಣಿನಲ್ಲಿಯೇ ತಿಳಿದುಬರುತ್ತದೆ. ಹಾಗೆ ಜೊತೆಗೆ ನಡೆದವನು ಸಂಜೆ ಅವರ ಸಂಭಾವನೆಯ ತಟ್ಟೆಗೆ ತನ್ನ ಪಾಲನ್ನು ಹಾಕಬೇಕು. ಚಿತ್ರದ ಪ್ರತಿಯೊಂದನ್ನು ಅವರ ಬೀಡಿಗೆ ತಲುಪಿಸುವುದೂ ಅವನದೇ ಹೊಣೆ.