ಬಾಲದಲ್ಲಿ ಬರುವ ಮಾತು

ಇಂಗ್ಲಿಷ್ ಪತ್ರಿಕೆಗಳಲ್ಲಿ 'ಆಲ್‌ಬೀಯಿಟ್' ಎಂಬ ಪದವನ್ನು ನೀವೂ ಕಂಡಿರುತ್ತೀರಿ. ಆಲ್, ಬಿ, ಇಟ್ ಮೂರೂ ಕೂಡಿ ಆದದ್ದು, 'ಹಾಗಿದ್ದರೂ' ಎಂದರ್ಥ. 14ನೇ ಶತಮಾನದ ಚಾಸರ್ ಕವಿಯ ಕಾಲದ್ದು. ಮಾತಿನಲ್ಲಿ ಯಾರಾದರೂ ಇದನ್ನು ಆಡಿದ್ದು ನಾನಂತೂ ಕೇಳಿಲ್ಲ. ವರದಿಗಾರರಿಗೆ ಮಾತ್ರ ಬಲು ಅಚ್ಚುಮೆಚ್ಚು. ಏಕೆಂದರೆ ಇದರ ಮುಂದೆ ಪೂರ್ತಿ ವಾಕ್ಯ ಬೇಡ, ಕ್ರಿಯಾಪದವೂ ಬೇಡ. 'ಆಲ್‌ಬೀಯಿಟ್ ನಿಧಾನವಾಗಿ' ಎಂದರೆ ಮುಗಿಯಿತು. ನಿಧಾನ ಮಾಡಿದವರು ಯಾರೆಂದು ಹೇಳುವ ಗೋಜಿಲ್ಲ!

ನನ್ನ ತಕರಾರು ಇಲ್ಲಿಯೇ. ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಮೀಸಲಿಡುವ ಮಸೂದೆಗೆ ಸಂಸತ್ತು 2023ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಜಾರಿ ಮಾತ್ರ ಜನಗಣತಿ, ಕ್ಷೇತ್ರ ಪುನರ್ವಿಂಗಡಣೆ ಆದ ಮೇಲೆ ಎಂದು ಅದರಲ್ಲೇ ಬರೆದಿತ್ತು. ಇದನ್ನೇ 'ಮೀಸಲಾತಿ ಬಂತು, ಆಲ್‌ಬೀಯಿಟ್ ತಡವಾಗಿ' ಎಂದು ಬರೆದರೆ ಹೇಗಿರುತ್ತದೆ, ನೋಡಿ. ಎಷ್ಟು ತಡ, ಯಾತಕ್ಕೆ ತಡ ಎಂಬ ನಮಗೆ ಬೇಕಾದ ಸುದ್ದಿಯೆಲ್ಲ ಬಾಲದಲ್ಲಿ ಮುದುಡಿ ಕೂತಿತು. ಅದಕ್ಕೊಂದು ಬೇರೆ ವಾಕ್ಯವೇ ಬೇಕಿತ್ತು.

ನಮ್ಮ ಪತ್ರಿಕೆಗಳ 'ಆದಾಗ್ಯೂ' ಕೂಡ ಕಚೇರಿ ವಾಸನೆಯದೇ. ಆದರೆ ಅದು ಸಾಮಾನ್ಯವಾಗಿ ವಾಕ್ಯದ ತಲೆಯಲ್ಲಿ ನಿಲ್ಲುತ್ತದೆ, ಅದರ ಬೆನ್ನಿಗೆ ಒಂದು ಕ್ರಿಯಾಪದ ಬರಲೇಬೇಕು.