ಕಳೆದು ಕಟ್ಟಿದ ಹಾಡು

ಪೆಗ್ಗಿ ಲೀ 1958ರಲ್ಲಿ ಹಾಡಿದ ‘ಫೀವರ್’ ಶುರುವಾಗುವುದು ಡಬಲ್ ಬಾಸಿನ ಒಂಟಿ ನಡೆ ಮತ್ತು ಬೆರಳ ಚಿಟಿಕೆಯಿಂದ. ಡ್ರಮ್ ನಡುನಡುವೆ ಒಂದೆರಡು ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ. ಪಿಯಾನೋ ಇಲ್ಲ, ಗಿಟಾರ್ ಇಲ್ಲ, ಪಿಟೀಲುಗಳ ಸಾಲೂ ಇಲ್ಲ. ಅಮೆರಿಕದ ಜನಪ್ರಿಯ ಗಾಯನಕ್ಕೆ ದೊಡ್ಡ ವಾದ್ಯವೃಂದವೇ ಭೂಷಣವಾಗಿದ್ದ ಕಾಲದಲ್ಲಿ ಇಷ್ಟು ಬರಿದಾದ ಹಾಡನ್ನು ಕೇಳುಗರ ಮುಂದಿಡಲು ಧೈರ್ಯ ಬೇಕಿತ್ತು.

ಮೂಲತಃ ಹಾಡು ಅವರದಲ್ಲ. ಓಟಿಸ್ ಬ್ಲ್ಯಾಕ್‌ವೆಲ್ ಮತ್ತು ಎಡ್ಡಿ ಕೂಲಿ ರಚಿಸಿದ ಇದನ್ನು 1956ರಲ್ಲಿ ಲಿಟಲ್ ವಿಲ್ಲಿ ಜಾನ್ ಎಂಬ ಹದಿಹರೆಯದ ಕಪ್ಪು ಗಾಯಕ ಹಾಡಿ ಹೆಸರು ಮಾಡಿದ್ದ. ಅಲ್ಲಿ ಸ್ಯಾಕ್ಸೋಫೋನುಗಳು ಮೊರೆಯುತ್ತವೆ, ಗಾಯಕನ ದನಿ ಬೇಗೆಯಲ್ಲಿ ನರಳುತ್ತದೆ. ಅದು ಅಪ್ಪಟ ಗಾಯನ. ಹಾಗೆಂದು ಲೀ ಹಾಡಿದ್ದು ಅದರ ತಣ್ಣನೆಯ ನಕಲಲ್ಲ. ಜಾನ್ ಜ್ವರದಲ್ಲಿ ಬೇಯುತ್ತಿರುವ ಹುಡುಗ. ಲೀ ಜ್ವರದ ಗುಣವನ್ನು ಬಲ್ಲ ಹೆಂಗಸು. ಅನುಭವ ಬೇರೆಯಾದ್ದರಿಂದ ಹಾಡೂ ಬೇರೆಯಾಗಿದೆ.

ಈ ಸಂಯಮ ದಿಢೀರನೆ ಬಂದದ್ದಲ್ಲ. ನಾರ್ತ್ ಡಕೋಟಾದಿಂದ ಬಂದ ಲೀ ಎಳೆಯ ವಯಸ್ಸಿನಲ್ಲಿ ಪಾಮ್ ಸ್ಪ್ರಿಂಗ್ಸ್‌ನ ಗದ್ದಲದ ಕ್ಲಬ್ಬೊಂದರಲ್ಲಿ ಹಾಡುತ್ತಿದ್ದಾಗ, ಗಲಾಟೆಯನ್ನು ಮೀರಿ ಕೂಗುವ ಬದಲು ದನಿ ತಗ್ಗಿಸಿದರಂತೆ. ಜನ ಮಾತು ನಿಲ್ಲಿಸಿ ಕಿವಿಗೊಟ್ಟರು. ‘ಫೀವರ್’ನಲ್ಲಿ ಆ ಕಲಿಕೆ ಪೂರ್ತಿ ಫಲ ಕೊಟ್ಟಿದೆ. ಹಾಡು ಸಾಗುತ್ತ ಶ್ರುತಿ ಅರ್ಧರ್ಧ ಸ್ವರ ಮೇಲೇರುತ್ತದೆ. ಲೀ ಮಾತ್ರ ದನಿ ಎತ್ತುವುದಿಲ್ಲ. ಅವರು ತಡೆದಷ್ಟೂ ಹಾಡಿನ ಕಾವು ಏರುತ್ತದೆ.

ಕೊರತೆಯೂ ಇದೆ. ಲೀ ತಾವೇ ಹೊಸ ಚರಣಗಳನ್ನು ಸೇರಿಸಿದರು. ರೋಮಿಯೋ-ಜೂಲಿಯೆಟ್ ಚರಣದ ತುಂಟತನ ಹಾಡಿಗೆ ಒಪ್ಪುತ್ತದೆ. ಕ್ಯಾಪ್ಟನ್ ಸ್ಮಿತ್ ಮತ್ತು ಪೊಕಹಾಂಟಸ್‌ರ ಪ್ರೇಮದ ಚರಣ ಒಪ್ಪುವುದಿಲ್ಲ. 1607ರಲ್ಲಿ ಸ್ಮಿತ್ ವರ್ಜೀನಿಯಾಕ್ಕೆ ಬಂದಿಳಿದಾಗ ಆ ಮೂಲನಿವಾಸಿ ಬಾಲಕಿಗೆ ಸುಮಾರು ಹನ್ನೊಂದು ವರ್ಷ. ವಲಸೆಗಾರರ ಕಟ್ಟುಕತೆಯನ್ನು ಪ್ರಶ್ನಿಸದೆ ಹಾಡಿಗಿಳಿಸಿದ್ದು ಇಂದು ಕಿವಿಗೆ ಚುಚ್ಚುತ್ತದೆ.

ಆದರೂ ಈ ರೂಪವೇ ಉಳಿಯಿತು. 1960ರಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡಿದಾಗ ಅನುಸರಿಸಿದ್ದು ಲೀ ಅವರ ಬಾಸ್, ಡ್ರಮ್, ಚಿಟಿಕೆಗಳ ಈ ಜೋಡಣೆಯನ್ನೇ. ರಚನೆಕಾರರ ಸಾಲಿನಲ್ಲಿ ಮಾತ್ರ ಅವರ ಹೆಸರಿಲ್ಲ. ಹಾಡಿನಿಂದ ಯಾವುದನ್ನು ಕಳೆಯಬೇಕೆಂಬ ತೀರ್ಮಾನವೂ ಸೃಷ್ಟಿಯ ಕೆಲಸವೇ ಎಂದು ಒಪ್ಪುವುದಾದರೆ, ‘ಫೀವರ್’ನ ಮೂರನೆಯ ಕರ್ತೃ ಪೆಗ್ಗಿ ಲೀ.